ಗೀರಿಲ್ಲದ ಬಿಲ್ಲೆ

ಸೈನ್ಯದಿಂದ ಹೊರಬಂದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಮಾದನಾಯಕನಹಳ್ಳಿಯ ಒಂದು ಗೋದಾಮಿನಲ್ಲಿ, ಸೆಕ್ಯುರಿಟಿ ಇನ್‌ಚಾರ್ಜ್ ಆಗಿ. ಒಳಗೆ ಬರುವ ಲಾರಿ, ಹೊರಗೆ ಹೋಗುವ ಲಾರಿ ನೋಡಿಕೊಂಡು ಗೇಟಿನಲ್ಲಿರುವವರು ತೂಕಡಿಸದಂತೆ ಕಾಯುವುದಷ್ಟೇ ಕೆಲಸ. ಮನೆ ಮಾಡಿದ್ದು ಟಿ. ದಾಸರಹಳ್ಳಿಯಲ್ಲಿ. ಹೆಂಡತಿಗೆ ಅದು ಹಿಡಿಸಲಿಲ್ಲ. "ಕಿಟಕಿ ತೆಗದ್ರೆ ಪಕ್ಕದ್ಮನೆ ಕುಕ್ಕರ್ರು ನಮ್ಮನೇಲೇ ಕೂಗ್ದಂಗಾಯ್ತದೆ" ಎಂದು ಮೊದಲ ವಾರವೆಲ್ಲ ಗೊಣಗಿದಳು. ನಾನು ಬೇರೆ ಕಡೆ ಹುಡುಕಲೇ ಇಲ್ಲ. ದಾಸರಹಳ್ಳಿಯನ್ನು ಕಣ್ಣಾರೆ ನೋಡುವ ಮೊದಲೇ ಅದರ ಗಲ್ಲಿಗಳು ನನಗೆ ಗೊತ್ತಿದ್ದವು. ಯಾವ ತಿರುವಿನಲ್ಲಿ ಬೋಂಡ ಚೆನ್ನಾಗಿರುತ್ತದೆ, ಯಾವ ಮನೆಯ ನಾಯಿ ಸೈಕಲ್ಲಿನವರನ್ನು ಮಾತ್ರ ಅಟ್ಟಿಸಿಕೊಂಡು ಬರುತ್ತದೆ ಎಂಬುದನ್ನೆಲ್ಲ ಹಿಮದ ಮೇಲೆ ಮಲಗಿ, ಒಬ್ಬ ಗೆಳೆಯನ ಬಾಯಿಂದ ವರ್ಷಗಟ್ಟಲೆ ಕೇಳಿದ್ದೆ.

ನಮ್ಮದು ಸೈನ್ಯದೊಳಗೆ ಒಂದು ಸಣ್ಣ ತಂಡ. ಪೇಪರಿನಲ್ಲಿ ಬರಬಾರದ ಕೆಲಸಗಳಿಗೆ ಕಳಿಸುತ್ತಿದ್ದರು. ಅದರಲ್ಲಿ ಕನ್ನಡದವರು ನಾವಿಬ್ಬರೇ. ಅವನು ದಾಸರಹಳ್ಳಿಯಲ್ಲಿ ಹುಟ್ಟಿ ಬೆಳೆದವನು. ಅವನ ಅಪ್ಪ ಸರ್ಕಾರಿ ವಾಚ್ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ನಾನು ಕುಣಿಗಲ್ ಕಡೆಯ ಹಳ್ಳಿಯವನು. ನಾನು "ಆಲು" ಅಂದರೂ ಅವನಿಗೆ ನಗು, "ಅಸ" ಅಂದರೂ ನಗು. "ಮಗಾ, ನಿಮ್ಮೂರಿಗೆ ಹ ಅನ್ನೋ ಅಕ್ಷರ ಇನ್ನೂ ಸಪ್ಲೈ ಆಗಿಲ್ವೇನೋ" ಎನ್ನುತ್ತಿದ್ದ. ಆದರೆ ಗಡಿಯ ಹತ್ತಿರ ಕೆಲಸಕ್ಕೆ ನಿಂತಾಗ ಬೇಕಾಗುತ್ತಿದ್ದದ್ದು ನನ್ನ ಹಳ್ಳಿ ಕನ್ನಡವೇ. ವೈರ್‌ಲೆಸ್‌ನಲ್ಲಿ ಹಿಂದಿ ಆಡಿದರೆ ಆಚೆಯವರಿಗೂ ಅರ್ಥವಾಗುತ್ತದೆ. ಅದಕ್ಕೆ ತಂಡದ ಮುಂದೊಬ್ಬ, ಹಿಂದೊಬ್ಬ ನಮ್ಮಿಬ್ಬರನ್ನು ಹಾಕುತ್ತಿದ್ದರು. "ದನ ನೀರು ಕುಡುದ್ವಾ?" ಅಂದರೆ ಹಳ್ಳ ದಾಟಿದಿರಾ ಎಂದು. "ಒಲ ಕಾಲಿ" ಅಂದರೆ ಮುಂದೆ ಯಾರೂ ಇಲ್ಲ ಎಂದು. ಅವನು ಮಾತಿನ ಮಲ್ಲ. ಬಾಯಿ ಮುಚ್ಚಿಕೊಂಡಿರಬೇಕಾದ ಕೆಲಸಕ್ಕೆ ಇವನನ್ನು ಯಾರು ಆರಿಸಿದರೋ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಅವನು ಸತ್ತಾಗ ನಾನು ಪಕ್ಕದಲ್ಲಿದ್ದೆ. ಆದರೆ ಅವನ ಶವದ ಪೆಟ್ಟಿಗೆಯ ಜೊತೆ ಬೆಂಗಳೂರಿಗೆ ಬರಲು ನನಗೆ ಆಗಲಿಲ್ಲ. ಅಂಥ ಕೆಲಸ ಮುಗಿದ ಮೇಲೆ ತಂಡವನ್ನು ಒಂದು ಕಡೆ ಕೂಡಿಡುತ್ತಾರೆ. ಫೋನಿಲ್ಲ, ರಜೆಯಿಲ್ಲ. ಪೆಟ್ಟಿಗೆಯನ್ನು ತಂದವರು ಬೇರೆ ತುಕಡಿಯ ಸೈನಿಕರು. ಅವರಿಗೆ ಅವನ ಮುಖ ಹೇಗಿತ್ತೆಂದೂ ಗೊತ್ತಿರಲಿಲ್ಲ.

ಮನೆ ಸಾಮಾನು ಜೋಡಿಸಿ ಮುಗಿದ ಮೊದಲ ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಅವನ ತಾಯಿ ಬಾಗಿಲು ತೆಗೆದರು. ನಾನು ಇಂಥವನು, ಅವನ ಜೊತೆಯಲ್ಲಿದ್ದವನು ಎಂದ ಕೂಡಲೇ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಆಲು ಅನ್ನೋನು ನೀನೇನಪ್ಪಾ?" ಎಂದು ಕೇಳಿದರು. ಹೌದು ಎಂದೆ. ಅಷ್ಟಕ್ಕೇ ಅವರ ಕಣ್ಣು ತುಂಬಿತು. ಉಪ್ಪಿಟ್ಟು, ಕಾಫಿ ಕೊಟ್ಟರು. ಗೋಡೆಯ ಮೇಲೆ ಅವನ ಫೋಟೋ ಇತ್ತು. ಸಮವಸ್ತ್ರದಲ್ಲಿ ನಗುತ್ತಿದ್ದ. ಹಾರ ಇರಲಿಲ್ಲ, ಕುಂಕುಮವೂ ಇರಲಿಲ್ಲ. ಪಕ್ಕದಲ್ಲಿ ನೇತುಹಾಕಿದ್ದ ಕ್ಯಾಲೆಂಡರಿನ ಹಾಗೆ, ದಿನಾ ನೋಡಿ ಸುಮ್ಮನಾಗುವ ಫೋಟೋ.

ಅವನ ಅಪ್ಪ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತ ಕೂತಿದ್ದರು. ನಾನು ಕಾಫಿ ಮುಗಿಸಿದ ಮೇಲೆ "ಬಾಪ್ಪ, ಮೇಲೆ ಗಾಳಿ ಬರುತ್ತೆ" ಎಂದು ಮಹಡಿಗೆ ಕರೆದುಕೊಂಡು ಹೋದರು. ನೀರಿನ ಟ್ಯಾಂಕಿನ ಪಕ್ಕ ನಿಂತು, ಕೆಳಗೆ ಹೆಂಡತಿಗೆ ಕೇಳಿಸುತ್ತದೇನೋ ಎಂದು ಒಮ್ಮೆ ಬಗ್ಗಿ ನೋಡಿದರು. ಆಮೇಲೆ ಕೇಳಿದರು:

"ಅವನು ಯಾವ ಜೈಲಲ್ಲಿದಾನೆ?"

ನಾನು ಅವರ ಮುಖ ನೋಡಿದೆ.

"ನೋಡು, ನೀನು ಹೇಳ್ಬಾರ್ದು ಅಂತ ಬರ್ಸ್ಕೊಂಡಿರ್ತಾರೆ, ನಂಗೊತ್ತು. ನಾನೇನು ಪೇಪರ್‌ನವರ ಹತ್ರ ಹೋಗಲ್ಲ. ಬದುಕಿದಾನೆ ಅಂತ ತಲೆ ಆಡ್ಸಿದ್ರೆ ಸಾಕು."

ಜೇಬಿನಿಂದ ಒಂದು ಸಣ್ಣ ಬಟ್ಟೆಯ ಚೀಲ ತೆಗೆದರು. ಅದರೊಳಗೆ ಅವನ ವಾಚು ಮತ್ತು ಸೈನಿಕರು ಕೊರಳಿಗೆ ಹಾಕಿಕೊಳ್ಳುವ ಗುರುತಿನ ಬಿಲ್ಲೆ ಇದ್ದವು. ಪೆಟ್ಟಿಗೆಯ ಜೊತೆ ಬಂದವರು ಕೊಟ್ಟಿದ್ದಂತೆ. ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸಿದರು.

"ಬಾಂಬ್ ಸಿಡಿದು ಸತ್ತ ಅಂದ್ರು. ಪೆಟ್ಗೆ ತೆಗೀಬೇಡಿ, ನೋಡೋ ಹಂಗಿಲ್ಲ ಅಂದ್ರು. ಇದ್ರಲ್ಲಿ ಒಂದು ಗೀರಿಲ್ಲ ನೋಡು. ವಾಚು ಓಡ್ತಾ ಬಂತು. ನಾನೇ ಕೆಲ್ಸ ಮಾಡಿದ ಫ್ಯಾಕ್ಟ್ರಿದು, ಗ್ಲಾಸ್ ಮೇಲೆ ಒಂದು ಚುಕ್ಕೆ ಇಲ್ಲ. ಪೆಟ್ಗೇಗೆ ನಾನೂ ಹೆಗಲು ಕೊಟ್ಟಿದೀನಪ್ಪ. ಅದು ಆಳಿನ ಭಾರ ಅಲ್ಲ. ಅದ್ಕೇ ನಾನು ಕೊಳ್ಳಿ ಇಡಲ್ಲ ಅಂದ್ಬಿಟ್ಟೆ. ನನ್ನ ತಮ್ಮ ಇಟ್ಟ."

ಬಿಲ್ಲೆಯಲ್ಲಿ ಗೀರು ಯಾಕಿಲ್ಲ ಎಂದು ನನಗೆ ಗೊತ್ತಿತ್ತು. ಗಡಿ ದಾಟುವ ಮೊದಲು ನಾವು ಎಲ್ಲವನ್ನೂ ಬಿಚ್ಚಿಡುತ್ತೇವೆ. ಬಿಲ್ಲೆ, ವಾಚು, ಮನೆಯವರ ಫೋಟೋ, ದೇವರ ದಾರ. ಸಿಕ್ಕಿಬಿದ್ದರೂ ಸತ್ತರೂ ನಾವು ಯಾರೆಂದು ಯಾರಿಗೂ ತಿಳಿಯಬಾರದು. ಅವನ ವಾಚು ಅವನು ಸಾಯುವ ಹೊತ್ತಿನಲ್ಲಿ ನಮ್ಮ ಶಿಬಿರದ ಕಬ್ಬಿಣದ ಟ್ರಂಕಿನಲ್ಲಿ ಓಡುತ್ತಿತ್ತು. ಆದರೆ ಇದನ್ನು ಹೇಳಿದರೆ ಗಡಿ ದಾಟಿದ್ದನ್ನೂ ಹೇಳಬೇಕು. ಸರ್ಕಾರದ ಲೆಕ್ಕದಲ್ಲಿ ಅವನು ನಮ್ಮ ಕಡೆಯೇ ಗಸ್ತು ತಿರುಗುವಾಗ ಸತ್ತವನು.

"ಜೈಲಲ್ಲಿಲ್ಲ ಅಪ್ಪಾಜಿ" ಎಂದಷ್ಟೇ ಅಂದೆ.

"ಹಾಗಾದ್ರೆ ಎಲ್ಲಿದಾನೆ?"

ನಾನು ಸುಮ್ಮನಾದೆ. ಸುಮ್ಮನಾಗಿದ್ದೇ ಅನಾಹುತವಾಯಿತು. ಅವರು ನನ್ನ ಭುಜ ತಟ್ಟಿ, "ಸರಿ ಬಿಡು, ನಿನ್ನ ಕಷ್ಟ ನಂಗರ್ಥ ಆಗುತ್ತೆ" ಎಂದು ನಕ್ಕರು. ಆ ನಗುವಿನಲ್ಲಿ ಎಷ್ಟು ಆಸೆ ಇತ್ತೆಂದರೆ, ನಾನು ಅವರನ್ನು ತಿರುಗಿ ನೋಡದೆ ಮೆಟ್ಟಿಲು ಇಳಿದೆ.

ಆಮೇಲೆ ತಾಯಿಯೇ ನನಗೆ ಎಲ್ಲ ಹೇಳಿದರು. ಆಚೆ ದೇಶದ ಜೈಲಿನಿಂದ ಮೀನುಗಾರರನ್ನೋ ಮತ್ತೆ ಯಾರನ್ನೋ ಬಿಡುತ್ತಾರೆ ಎಂದು ಟಿವಿಯಲ್ಲಿ ಬಂದಾಗಲೆಲ್ಲ ಅವನ ಅಪ್ಪ ರೈಲು ಹತ್ತಿ ಪಂಜಾಬಿನ ಗಡಿ ಗೇಟಿಗೆ ಹೋಗುತ್ತಿದ್ದರು. ಮಗನ ಫೋಟೋ ಹಿಡಿದು, ಹೊರಬರುವ ಒಬ್ಬೊಬ್ಬರನ್ನೂ ನಿಲ್ಲಿಸಿ ತೋರಿಸುವುದು. ಹಿಂದಿ ಸರಿಯಾಗಿ ಬರದು. ಎದೆನೋವು ಬೇರೆ. ಕೊನೆಯ ಸಲ ಅಲ್ಲೇ ಪ್ಲಾಟ್‌ಫಾರಮ್ಮಿನಲ್ಲಿ ಕುಸಿದು, ಯಾರೋ ಆಸ್ಪತ್ರೆಗೆ ಸೇರಿಸಿದ್ದರಂತೆ.

"ನಂಗೆ ಗೊತ್ತಪ್ಪ ಅವ್ನು ಇಲ್ಲ ಅಂತ" ಎಂದರು ತಾಯಿ. "ಆದ್ರೆ ಈ ಮನೇಲಿ ಅಳೋ ಹಾಗೂ ಇಲ್ಲ. ಅತ್ರೆ, ಬದುಕಿರೋ ಮಗನಿಗೆ ಯಾಕೆ ಅಪಶಕುನ ಮಾಡ್ತೀಯ ಅಂತ ಬೈತಾರೆ."

ಅವನು ಸತ್ತ ದಿನ ಬಂದಾಗ ಆಕೆ ಗಂಡನಿಗೆ ಮದುವೆ, ನಾಮಕರಣ ಎಂದು ಏನಾದರೊಂದು ನೆಪ ಹೇಳಿ ಕಾಡುಗೋಡಿಯ ತಂಗಿ ಮನೆಗೆ ಹೋಗುತ್ತಿದ್ದರು. ಆ ವರ್ಷ ನನ್ನನ್ನೂ ಕರೆದರು. ಮೆಟ್ರೋದಲ್ಲಿ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಕೂತಿದ್ದರು. ತಂಗಿಯ ಮನೆ ಹಳೇ ಊರಿನೊಳಗೆ, ಬಾಡಿಗೆ ರೂಮುಗಳ ನಡುವೆ. ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಯ ಮೇಲಿನ ಗೋಡೆಯಲ್ಲಿ ಅವನ ಇನ್ನೊಂದು ಫೋಟೋ ಇತ್ತು. ಅದಕ್ಕೆ ಹಾರವಿತ್ತು. ಕುಂಕುಮವಿತ್ತು. ಡಬ್ಬಿಯಿಂದ ಬಾಳೆಎಲೆಗೆ ಅವನಿಗಿಷ್ಟವಾದ ಹುಳಿಯನ್ನ, ಮದ್ದೂರು ವಡೆ ಬಡಿಸಿ ಎಡೆ ಇಟ್ಟರು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತರು. ಸ್ವಂತ ಮಗನಿಗಾಗಿ ಅಳಲು ಊರಿನ ಆ ತುದಿಯಿಂದ ಈ ತುದಿಗೆ ಬರಬೇಕಾಗಿತ್ತು. ಬಾಗಿಲು ತೆಗೆದು ಮುಖ ಒರೆಸಿಕೊಂಡು ನನಗೆ ಹೇಳಿದರು:

"ಮತ್ತೆ ಟಿಕೆಟ್ ಮಾಡ್ಸಿದಾರೆ. ಈ ಸಲ ನಿನ್ನ ಕರ್ಕೊಂಡು ಹೋಗ್ಬೇಕು ಅಂತಿದಾರೆ, ನಿಂಗೆ ಹಿಂದಿ ಬರುತ್ತೆ ಅಂತ. ಒಂದ್ಸಲ ಹೇಳ್ಬಿಡಪ್ಪ. ನೀನು ನೋಡಿದೀಯ ತಾನೆ? ಹೇಳ್ಬಿಡು."

ನಮ್ಮ ತಂಡದ ಮೇಜರ್ ಸಾಹೇಬರು ಆಗ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಭದ್ರತೆಯ ಮುಖ್ಯಸ್ಥರು. ತಂಗಿಯ ಮನೆಯಿಂದಲೇ ಅವರಿಗೆ ಫೋನ್ ಮಾಡಿದೆ. ಕಾಡುಗೋಡಿ ಮೆಟ್ರೋ ನಿಲ್ದಾಣದ ಕೆಳಗಿನ ಟೀ ಅಂಗಡಿಗೆ ಬಂದರು. ಕೊರಳಲ್ಲಿ ಕಂಪನಿಯ ಕಾರ್ಡು ನೇತಾಡುತ್ತಿತ್ತು. ಹಿಂದೆ ನಮ್ಮ ಕೊರಳಿಂದ ಒಂದು ದಾರವನ್ನೂ ಬಿಡದೆ ಬಿಚ್ಚಿಸಿದ ಮನುಷ್ಯ ಅವರು. ನಾವು ಮಾತಾಡಿದ್ದು ಹಿಂದಿಯಲ್ಲಿ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಆರಿದ ಟೀಯನ್ನು ಪಕ್ಕಕ್ಕಿಟ್ಟರು.

"ಜಾಗದ ಹೆಸರು ಹೇಳಬೇಡ. ಯಾಕೆ ಹೋಗಿದ್ದೆವು ಅಂತ ಹೇಳಬೇಡ" ಎಂದರು.

"ಮಿಕ್ಕಿದ್ದು ಸಾಹೇಬ್?"

"ಮಿಕ್ಕಿದ್ದು ಆ ತಂದೆಯದು. ಅದು ನನ್ನದೂ ಅಲ್ಲ, ಸರ್ಕಾರದ್ದೂ ಅಲ್ಲ." ಹೋಗುವಾಗ ಕಾರಿನ ಬಾಗಿಲು ತೆಗೆದು ಮತ್ತೆ ನನ್ನ ಕಡೆ ತಿರುಗಿದರು. "ಅವರು ನನ್ನನ್ನು ನೋಡಬೇಕು ಅಂದರೆ ಕರಿ. ಬರುತ್ತೇನೆ."

ಅದರ ಮುಂದಿನ ಭಾನುವಾರ ಮಧ್ಯಾಹ್ನ ನಾನು ಮತ್ತೆ ಆ ಮಹಡಿ ಹತ್ತಿದೆ. ಅವನ ಅಪ್ಪ ಪ್ರಯಾಣದ ಚೀಲ ತೊಳೆದು ತಂತಿಯ ಮೇಲೆ ಒಣಹಾಕುತ್ತಿದ್ದರು. ದೂರದಲ್ಲಿ ಪೀಣ್ಯದ ಶೆಡ್ಡುಗಳ ತಗಡು ಬಿಸಿಲಿಗೆ ಹೊಳೆಯುತ್ತಿತ್ತು. ನಾನು ನಿಂತಲ್ಲೇ ಹೇಳಿದೆ.

"ಅಪ್ಪಾಜಿ, ಅವ್ನು ಸತ್ತೋದ. ನಾನೇ ಅವನ್ನ ಬೆನ್ನ ಮ್ಯಾಲೆ ಒತ್ಕೊಂಡ್ ಬಂದೆ."

ಅವರು ಚೀಲದ ಕ್ಲಿಪ್ಪು ಹಿಡಿದೇ ಇದ್ದರು.

ನಾವು ಆಚೆ ಹೋಗಿ ಕೆಲಸ ಮುಗಿಸಿ ಹಿಂದಿರುಗುತ್ತಿದ್ದೆವು. ಹೋಗುವ ಮುಂಚೆ ಹಲವು ದಿನ ಸೋಪು, ಎಣ್ಣೆ, ಬೀಡಿ ಏನೂ ಮುಟ್ಟಿರಲಿಲ್ಲ, ನಾಯಿಗಳಿಗೆ ವಾಸನೆ ಸಿಗಬಾರದೆಂದು. ಎಲ್ಲರೂ ಕ್ಷೇಮವಾಗಿದ್ದರು. ನಮ್ಮ ಕಡೆಯ ಇಳಿಜಾರಿಗೆ ಬಂದುಬಿಟ್ಟಿದ್ದೆವು. ಬೆಳಕು ಹರಿಯುತ್ತಿತ್ತು. ಮುಂದೆ ಅವನು; ಇಳಿಜಾರು ಸಿಕ್ಕಿದ ಮೇಲೆ ನನ್ನನ್ನೂ ಹಿಂದಿನಿಂದ ಮುಂದಕ್ಕೆ ಕಳಿಸಿದ್ದರು, ಅವನ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಎರಡನೆಯವನು ನಾನು. "ದನ ಕೊಟ್ಟಿಗೆ ಸೇರ್ತು ಅಂತ ಹೇಳ್ಲಾ?" ಎಂದು ಪಿಸುಗುಟ್ಟಿ ತಿರುಗಿ ನೋಡಿದ. ಅದು ಅವನ ಕೊನೆಯ ಮಾತು. ಮುಂದಿನ ಹೆಜ್ಜೆಗೆ ನೆಲ ಸಿಡಿಯಿತು.

ಆ ದಾರಿಯನ್ನು ನಾವು ಮೊದಲೇ ನೋಡಿಟ್ಟಿದ್ದೆವು. ಅಲ್ಲಿ ಮೈನ್ ಇರಬಾರದಾಗಿತ್ತು. ಆದರೆ ಹಿಮ ಕರಗುವಾಗ ಮೇಲಿನ ಮೈನುಗಳು ಮಣ್ಣಿನ ಜೊತೆ ಜಾರಿ ಎಲ್ಲಿಗೋ ಬಂದು ಕೂರುತ್ತವೆ. ಅವನ ಒಂದು ಕಾಲು ತೊಡೆಯವರೆಗೆ ಇರಲಿಲ್ಲ, ಇನ್ನೊಂದು ಇದ್ದೂ ಇರಲಿಲ್ಲ. ನಾನು ತೆವಳಿ ಹೋಗಿ ಪಟ್ಟಿ ಬಿಗಿದೆ.

ಎದುರಿನ ಗುಡ್ಡದ ಮೇಲೆ ಆಚೆಯವರ ಕಾವಲು ಠಾಣೆಯಿತ್ತು. ಆ ಗುಡ್ಡಗಾಡಿನಲ್ಲಿ ಮೈನ್ ಸಿಡಿಯುವುದು ಹೊಸದಲ್ಲ. ನರಿಯೋ ನಾಯಿಯೋ ತುಳಿದು ಆಗಾಗ ಸಿಡಿಯುತ್ತಿರುತ್ತವೆ. ಅವರು ಅಂದಾಜಿನಲ್ಲಿ ಸ್ವಲ್ಪ ಗುಂಡು ಹಾರಿಸಿ ಸುಮ್ಮನಾಗುತ್ತಾರೆ. ಆದರೆ ಮನುಷ್ಯನ ಕೂಗು ಕೇಳಿದರೆ ಬಿಡುವುದಿಲ್ಲ. ಬಯಲಿನಲ್ಲಿ ಮಲಗಿದ್ದ ನಮ್ಮಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಇದು ಅವನಿಗೂ ಗೊತ್ತಿತ್ತು. ನಾನು ಪಟ್ಟಿ ಬಿಗಿಯುತ್ತಿರುವಾಗಲೇ ಅವನು ತಲೆಯ ಉಣ್ಣೆ ಟೋಪಿ ಎಳೆದು ಬಾಯಿಗೆ ತುರುಕಿಕೊಂಡ. ತಾನೇ, ತನ್ನ ಕೈಯಾರೆ. ಒಂದು ಸದ್ದು ಬರಲಿಲ್ಲ. ಕಣ್ಣು ಮಾತ್ರ ನನ್ನ ಮೇಲಿತ್ತು.

ಹೇಳುವಾಗ ಅವನ ಅಪ್ಪ ನನ್ನನ್ನು ಒಮ್ಮೆ ತಡೆದರು.

"ಅವನಾ? ಇಂಜೆಕ್ಷನ್ ಅಂದ್ರೆ ಬೀದಿ ಜನ ಸೇರೋ ಹಂಗೆ ಕಿರ್ಚ್ತಿದ್ದ ಕಣಪ್ಪ ಅವನು."

"ಕಿರ್ಚ್ಲಿಲ್ಲ ಅಪ್ಪಾಜಿ."

ಅಂದಾಜಿನಲ್ಲಿ ಹಾರಿದ ಗುಂಡು ನಿಂತಿತು. ಆದರೂ ನಾವು ಅಲುಗಾಡುವಂತಿರಲಿಲ್ಲ. ಮಂಜು ಇಳಿದು ಗುಡ್ಡ ಮರೆಯಾಗುವವರೆಗೆ ಕಾದೆವು. ನಾನು ಅವನ ಕಿವಿಯ ಹತ್ತಿರ ಬಾಯಿಟ್ಟು ದಾಸರಹಳ್ಳಿಯ ಮಾತಾಡಿದೆ. ಅವನೇ ನನಗೆ ಹೇಳಿದ್ದ ಬೋಂಡದ ಅಂಗಡಿ, ಆ ನಾಯಿ, ಅಪ್ಪ ಕಾರ್ಖಾನೆ ಬಸ್ಸಿನಿಂದ ಇಳಿಯುವುದು. ಮಂಜು ಇಳಿದಾಗ ಅವನ ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಟೋಪಿಯನ್ನು ಹಲ್ಲಿನಿಂದ ಬಿಡಿಸಲಾಗಲಿಲ್ಲ. ಹಾಗೇ ಎತ್ತಿ ಬೆನ್ನಿಗೆ ಕಟ್ಟಿಕೊಂಡು ನಮ್ಮ ಠಾಣೆಯವರೆಗೆ ತಂದೆ. ಅವನು ಹಗುರವಾಗಿದ್ದ. ಅದನ್ನೂ ಹೇಳಿದೆ. ಪೆಟ್ಟಿಗೆ ಯಾಕೆ ಹಗುರವಿತ್ತೋ, ಬಿಲ್ಲೆ ಯಾಕೆ ಹೊಸದರಂತಿತ್ತೋ, ಎಲ್ಲ ಹೇಳಿದೆ.

ಅವರು ಕೇಳಿದರು: "ಮೈನು ಯಾರ್ದು? ಅವರದ್ದೇ ತಾನೆ?"

"ಗೊತ್ತಿಲ್ಲ. ನಮ್ಮ ಕಡೆ ಇಳಿಜಾರು. ನಮ್ಮದೂ ಆಗಿರ್ಬೋದು."

"ತಕ್ಷಣ ಎತ್ಕೊಂಡು ಓಡ್ಬಂದಿದ್ರೆ ಉಳೀತಿದ್ನಾ?"

ಸುಳ್ಳು ಹೇಳಬಹುದಿತ್ತು. ಹೇಳಲು ಆಗಲಿಲ್ಲ. "ಉಳೀತಿದ್ನೇನೋ. ಆಗ ಮಿಕ್ಕೋರು ಉಳೀತಿರ್ಲಿಲ್ಲ."

ಅವರು ಕ್ಲಿಪ್ಪನ್ನು ತಂತಿಗೆ ಹಾಕಿದರು. "ಚೆನ್ನಾಗಿ ಹೇಳ್ಕೊಟ್ಟಿದಾರೆ ನಿಂಗೆ" ಎಂದರು. "ಇಷ್ಟುದ್ದ ಕತೆ ಕಟ್ಟಿ ಕಳ್ಸಿದಾರೆ ಅಂದ್ರೆ ಅವನು ಇದಾನೆ ಅಂತಾನೇ ಅರ್ಥ. ಹೋಗಪ್ಪ ನೀನು, ಹೋಗು."

ಮೇಜರ್ ಸಾಹೇಬರನ್ನು ಕರೆಯುತ್ತೇನೆ ಎಂದೆ. ಅವರು ನನ್ನ ಕಡೆ ಬೆನ್ನು ಮಾಡಿದರು. ಕೆಳಗೆ ಅಡುಗೆಮನೆಯ ಬಾಗಿಲಲ್ಲಿ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಎಷ್ಟು ಕೇಳಿಸಿತ್ತೋ ಗೊತ್ತಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಂದೆ.

ಅವನ ಅಪ್ಪ ಒಬ್ಬರೇ ಪಂಜಾಬಿಗೆ ಹೋದರು. ಬಿಡುಗಡೆಯಾದವರೆಲ್ಲ ಸಮುದ್ರದ ಕಡೆಯವರು, ಯಾರೂ ಆ ಫೋಟೋದವನನ್ನು ಕಂಡಿರಲಿಲ್ಲ. ವಾಪಸು ಬಂದು ಹಾಸಿಗೆ ಹಿಡಿದರು. ನಾನು ಹೋಗಲಿಲ್ಲ. ನನ್ನ ಹೆಂಡತಿ ಹೋಗಿ ಗಂಜಿ ಕೊಟ್ಟು ಬರುತ್ತಿದ್ದಳು. "ಮಾತೇ ಆಡಕಿಲ್ಲ ಕಣ್ರೀ, ಸೂರು ನೋಡ್ಕಂಡು ಮನಿಕ್ಕಂಡವ್ರೆ" ಎನ್ನುತ್ತಿದ್ದಳು.

ಒಂದು ದಿನ ಗೋದಾಮಿನಲ್ಲಿ ಲಾರಿಯೊಂದು ರಿವರ್ಸ್ ಬರುತ್ತಿತ್ತು, ನಾನು ಕೈ ತೋರಿಸುತ್ತಿದ್ದೆ. ಫೋನ್ ಬಂತು. ಅವನ ಅಪ್ಪ.

"ಅವನು ಹೋಗಿದ್ದು ಯಾವತ್ತು? ಸರ್ಕಾರಿ ಪೇಪರ್‌ನಲ್ಲಿರೋ ದಿನಾನೇನಾ?"

ಲಾರಿಯನ್ನು ಬಿಟ್ಟು ಪಕ್ಕಕ್ಕೆ ಹೋದೆ. "ಅಲ್ಲ ಅಪ್ಪಾಜಿ. ಅದರ ಹಿಂದಿನ ದಿನ. ಬೆಳಕರೀತಿತ್ತು."

"ಪುರೋಹಿತ್ರು ತಿಥಿ ಕೇಳ್ತಿದಾರೆ" ಎಂದು ಫೋನ್ ಇಟ್ಟರು.

ತಾಯಿ ಇಷ್ಟು ವರ್ಷ ಕಾಡುಗೋಡಿಯಲ್ಲಿ ಎಡೆ ಇಟ್ಟಿದ್ದು ತಪ್ಪು ದಿನಕ್ಕೆ ಎಂದು ಅವರ ಜೊತೆ ಹೋದ ದಿನವೇ ನನಗೆ ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ. ಈಗ ಆಕೆಗೂ ಹೊಳೆದಿರಬೇಕು. ಅದನ್ನು ನಾವಿಬ್ಬರೂ ಯಾವತ್ತೂ ಎತ್ತಲಿಲ್ಲ.

ಶ್ರೀರಂಗಪಟ್ಟಣದ ಸಂಗಮಕ್ಕೆ ನನ್ನ ಕಾರಿನಲ್ಲೇ ಹೋದೆವು. ಅವರು ಹಿಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕ ಕೂತು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ಮಾಡಬೇಕಾದ್ದನ್ನೆಲ್ಲ ಪುರೋಹಿತರು ಹೇಳಿದಂತೆ ಮಾಡಿದರು. ಮಗನ ಹೆಸರು ಹೇಳಿ ಎಳ್ಳುನೀರು ಬಿಡಬೇಕಾದಾಗ ಬಾಯಿ ತೆರೆದರು, ಸ್ವರ ಬರಲಿಲ್ಲ. ಪುರೋಹಿತರು ಮತ್ತೆ ಹೇಳಿದರು. ಮತ್ತೆ ಬರಲಿಲ್ಲ. ತಾಯಿ ಮುಂದೆ ಬಂದು ಗಂಡನ ಕೈಯನ್ನು ಹಿಡಿದು, ತಾವೇ ಗಟ್ಟಿಯಾಗಿ ಹೆಸರು ಹೇಳಿದರು. ಆಗ ಅವನ ಅಪ್ಪ ಅತ್ತರು. ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಪಕ್ಕದಲ್ಲಿ ಬೇರೆಯವರ ಕರ್ಮ ನಡೆಯುತ್ತಿದ್ದುದನ್ನೂ ಗಮನಿಸದೆ, ಬಾಯಿಬಿಟ್ಟು ಕೂಗಿ ಅತ್ತರು.

ಇಷ್ಟಾದ ಮೇಲೆ ಅವರು ನನ್ನನ್ನು ಮಗನಂತೆ ಕಾಣುತ್ತಾರೆಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ದಾಸರಹಳ್ಳಿಯ ತರಕಾರಿ ಗಾಡಿಯ ಹತ್ತಿರ ಎದುರಾದಾಗ ತಲೆ ತಗ್ಗಿಸಿ ಹೋದರು. ಇನ್ನೊಮ್ಮೆ ನಾನೇ ಮನೆಗೆ ಹೋದೆ. ಗೋಡೆಯ ಫೋಟೋಗೆ ಹಾರ ಬಂದಿತ್ತು. ಅವರು ಕುರ್ಚಿಯಿಂದ ಏಳದೆ, ಸಿಟ್ಟಿಲ್ಲದೆ ಹೇಳಿದರು:

"ನೀನು ತಪ್ಪು ಮಾಡಿಲ್ಲ ಕಣಪ್ಪ. ಆದ್ರೆ ನಿನ್ನ ನೋಡಿದ್ರೆ ನಂಗೆ ಅವನ ಮುಖ ಕಾಣ್ಸಲ್ಲ. ಬಾಯಲ್ಲಿ ಟೋಪಿ ಕಾಣ್ಸುತ್ತೆ. ಬರ್ಬೇಡ."

ತಾಯಿ ಬಾಗಿಲವರೆಗೆ ಬಂದು, "ನಾನು ಫೋನ್ ಮಾಡ್ತಿರ್ತೀನಿ" ಎಂದರು. ಮಾಡುತ್ತಾರೆ. ಗಂಡನಿಗೆ ಬಿಪಿ ಜಾಸ್ತಿಯಾಗಿದೆ, ನಡೆಯುವುದು ಕಡಿಮೆಯಾಗಿದೆ, ಟಿವಿಯಲ್ಲಿ ಗಡಿ ಗೇಟು ತೋರಿಸಿದರೆ ಎದ್ದು ಒಳಗೆ ಹೋಗುತ್ತಾರೆ ಎಂದೆಲ್ಲ ಹೇಳುತ್ತಾರೆ. ಈಗ ಮನೆಯಲ್ಲೇ ಅಳಬಹುದು ಎಂದೂ ಒಮ್ಮೆ ಹೇಳಿದರು.

ಅವನ ಅಪ್ಪ ಸಂಜೆ ಹಾಲಿಗೆಂದು ಬೂತಿನವರೆಗೆ ಬರುತ್ತಾರೆ. ಹಾಗಾಗಿ ಕೆಲಸ ಮುಗಿಸಿ ಬರುವಾಗ ನಾನು ಮುಖ್ಯರಸ್ತೆಯನ್ನು ಬಿಟ್ಟು ಹಿಂದಿನ ಗಲ್ಲಿ ಹಿಡಿಯುತ್ತೇನೆ. ಸ್ವಲ್ಪ ಸುತ್ತು. ಮೋರಿ ಒಡೆದಿದೆ, ಬೆಳಕೂ ಸಾಲದು. ಹೆಂಡತಿ ಮೊದಮೊದಲು ಯಾಕೆ ತಡ ಎಂದು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ.